ಹಳ್ಳ ಕೆಟ್ಟಾಗ, ಗುಡ್ಡ ಕಡಿದಾಗ ಕೋರ್ಟಿನವರೆಗೆ ಹೋಗುವುದು ಹೇಗೆ: ಹಾಸನ, ಚಿಕ್ಕಮಗಳೂರಿನವರಿಗೊಂದು ಮಾರ್ಗದರ್ಶಿ

ಡಿಸೆಂಬರ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ಎಷ್ಟೋ ಹಳ್ಳಗಳ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ. ಕಾಫಿ ಹಣ್ಣು ಪಲ್ಪಿಂಗ್ ಮಾಡಿ ತೊಳೆದ ನೀರನ್ನು ಗುಂಡಿಯಲ್ಲಿ ನಿಲ್ಲಿಸದೆ, ಶುದ್ಧ ಮಾಡದೆ, ರಾತ್ರಿ ಹೊತ್ತು ಸುಮ್ನೆ ಹಳ್ಳಕ್ಕೆ ಬಿಡುವವರು ಇನ್ನೂ ಇದ್ದಾರೆ. ದಡದಲ್ಲಿ ನೊರೆ, ಕಲ್ಲಿನ ಮೇಲೆ ಲೋಳೆ, ಮೂಗಿಗೆ ಹೊಡೆಯುವ ಹುಳಿ ವಾಸನೆ. ಅದು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಮೀನು ಸಾಯುತ್ತವೆ, ದನಗಳು ಮೂಸಿ ನೋಡಿ ಬಾಯಿ ಹಾಕದೆ ವಾಪಸ್ ಬರುತ್ತವೆ. ಇತ್ತ ಚಿಕ್ಕಮಗಳೂರಿನ ಗಿರಿಗಳ ಕಡೆ ಕಣ್ಣು ಹಾಯಿಸಿದರೆ ರೆಸಾರ್ಟಿಗೆಂದು ಗುಡ್ಡದ ಮಗ್ಗುಲು ಸೀಳಿದ ಕೆಂಪು ಗಾಯಗಳು ಕಾಣುತ್ತವೆ. ಮಳೆಗಾಲದಲ್ಲಿ ಆ ಮಣ್ಣೆಲ್ಲ ಕೆಳಗಿನವರ ಗದ್ದೆಗೇ ಬರುವುದು.

ಇಂಥದ್ದು ನಡೆದಾಗಲೆಲ್ಲ ಊರಲ್ಲಿ ಒಂದು ಮಾತು ಬರುತ್ತದೆ. "ಕೋರ್ಟಿಗೆ ಹಾಕ್ಬೇಕು ಮಾರಾಯ್ರೆ." ಅಲ್ಲಿಗೆ ನಿಲ್ಲುತ್ತದೆ. ಯಾವ ಕೋರ್ಟು, ಏನು ಹಿಡಿದುಕೊಂಡು ಹೋಗಬೇಕು, ಎಷ್ಟು ದಿನದೊಳಗೆ, ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಅಕ್ಕಪಕ್ಕದವರ ಅರ್ಜಿ ಬರೆದುಕೊಡುತ್ತ, ಆಫೀಸುಗಳ ಟಪಾಲು ವಿಭಾಗಕ್ಕೆ ಓಡಾಡುತ್ತ ನನಗೆ ಖಾತ್ರಿಯಾದದ್ದು ಇಷ್ಟು: ಪರಿಸರದ ಕೇಸು ಗಟ್ಟಿಯೋ ಜೊಳ್ಳೋ ಅನ್ನುವುದು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ, ನಿಮ್ಮ ಊರಲ್ಲಿ, ನೀವು ಜೋಡಿಸಿದ ಕಾಗದಗಳಲ್ಲೇ ತೀರ್ಮಾನ ಆಗಿರುತ್ತದೆ. ನ್ಯಾಯಾಧೀಶರು ಹಳ್ಳದ ಹತ್ತಿರ ಬಂದು ಮೂಸಿ ನೋಡುವುದಿಲ್ಲ. ಅವರ ಮುಂದೆ ಇರುವ ಫೈಲು ಏನು ಹೇಳುತ್ತದೋ ಅಷ್ಟೇ ಅವರಿಗೆ ಕಾಣುವುದು.

ಹಾಗಾಗಿ ಈ ಬರಹದ ಹೆಚ್ಚು ಭಾಗ ಕೋರ್ಟಿನ ಹೊರಗಿನ ಕೆಲಸದ ಬಗ್ಗೆಯೇ ಇದೆ.

ಮೊದಲು, ಕೋರ್ಟಿನ ಕೈಲಿ ಏನು ಸಾಧ್ಯ ಅನ್ನುವುದು ಗೊತ್ತಿರಲಿ

ಸಂವಿಧಾನದ 21ನೇ ವಿಧಿ ಬದುಕುವ ಹಕ್ಕಿನ ಬಗ್ಗೆ ಹೇಳುತ್ತದೆ. ಶುದ್ಧ ನೀರು, ಶುದ್ಧ ಗಾಳಿ ಇಲ್ಲದೆ ಬದುಕು ಎಲ್ಲಿಂದ ಬರಬೇಕು ಅಂತ ಸುಪ್ರೀಂ ಕೋರ್ಟ್ 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಅದನ್ನೂ ಈ ಹಕ್ಕಿನೊಳಗೇ ಸೇರಿಸಿತು. 1996ರ ವೆಲ್ಲೂರು ಪ್ರಕರಣ, ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳದ್ದು. ಅದರಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ಎರಡು ಸೂತ್ರಗಳನ್ನು ನಮ್ಮ ಕಾನೂನಿನ ಭಾಗ ಅಂತ ಹೇಳಿತು. ಹಾಳು ಮಾಡಿದವನೇ ಸರಿಪಡಿಸುವ ಖರ್ಚು ಕೊಡಬೇಕು. ಹಾನಿ ಆಗಬಹುದು ಅನ್ನುವ ಅನುಮಾನ ಇದ್ದರೆ ಪೂರ್ತಿ ಸಾಬೀತಾಗುವವರೆಗೆ ಕಾಯದೆ ತಡೆಯಬೇಕು. ನಿಮ್ಮ ಅರ್ಜಿಯಲ್ಲಿ ಈ ಎರಡೂ ಬರಲೇಬೇಕು.

ನಮ್ಮ ಜಿಲ್ಲೆಯವರು ಮರೆಯಬಾರದ ಕೇಸು ಕುದುರೆಮುಖದ್ದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವ ಕಾಡು ಅದು. 1976ರಲ್ಲಿ ಶುರುವಾದ ಕಬ್ಬಿಣದ ಅದಿರು ಕಂಪನಿಯ ಗಣಿ ಗುತ್ತಿಗೆ 1999ಕ್ಕೇ ಮುಗಿದಿತ್ತು, ಆಮೇಲೂ ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ನಡೆಯುತ್ತಿತ್ತು. ಅಷ್ಟರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವೂ ಆಗಿತ್ತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದು ನಿವೃತ್ತರಾದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಆ ಕೇಸಿನಲ್ಲಿ ಭಾವನೆಯ ಮಾತು ಎಷ್ಟಿತ್ತೋ ಅದಕ್ಕಿಂತ ಜಾಸ್ತಿ ಇದ್ದದ್ದು ದಾಖಲೆ. ಗುತ್ತಿಗೆಯ ದಿನಾಂಕಗಳು, ಅರಣ್ಯದ ಅಧಿಸೂಚನೆಗಳು, ಭದ್ರಾ ನದಿಗೆ ಸೇರುತ್ತಿದ್ದ ಹೂಳಿನ ಲೆಕ್ಕ. ಗಣಿಯಲ್ಲಿ ದುಡಿಯುತ್ತಿದ್ದ ಕುಟುಂಬಗಳಿಗೆ ಆ ತೀರ್ಪು ಕಷ್ಟ ತಂದದ್ದೂ ನಿಜ, ಅದನ್ನು ಮುಚ್ಚಿಡಬಾರದು. ಆದರೂ ಇವತ್ತು ಆ ಬೆಟ್ಟಗಳ ಮೇಲೆ ಹುಲ್ಲು, ಶೋಲಾ ಕಾಡು ಉಳಿದಿದ್ದರೆ ಅದಕ್ಕೆ ಒಬ್ಬ ನಿವೃತ್ತ ಅಧಿಕಾರಿ ಜೋಡಿಸಿದ ಫೈಲು ದೊಡ್ಡ ಕಾರಣ.

ಎಲ್ಲ ಕೇಸೂ ಹೀಗೆ ಮುಗಿಯುವುದಿಲ್ಲ. ಸಕಲೇಶಪುರದ ಎತ್ತಿನಹೊಳೆ ಯೋಜನೆಯನ್ನು ಪ್ರಶ್ನಿಸಿದ ಅರ್ಜಿಗಳು 2019ರಲ್ಲಿ ಹಸಿರು ನ್ಯಾಯಮಂಡಳಿಯಲ್ಲಿ ಬಿದ್ದುಹೋದವು. ಕುಡಿಯುವ ನೀರಿನ ಯೋಜನೆ ಅಂತ ಹೆಸರು ಬಂದರೆ ಯಾವ ಯೋಜನೆಗೆ ಪರಿಸರ ಅನುಮತಿ ಬೇಕು ಅಂತ ಹೇಳುವ 2006ರ ಅಧಿಸೂಚನೆಯ ಪಟ್ಟಿಯಿಂದಲೇ ಅದು ಹೊರಗೆ ಉಳಿಯುತ್ತದೆ. ಹೊಡೆತ ಬಿದ್ದದ್ದು ಇಡೀ ಪಶ್ಚಿಮ ಘಟ್ಟಕ್ಕೆ ಅಂತ ನಮಗೆ ಅನ್ನಿಸಬಹುದು, ನನಗೂ ಅನ್ನಿಸುತ್ತದೆ. ಆದರೆ ಕೋರ್ಟು ಕೇಳುವುದು ಯಾವ ಕಾನೂನಿನ ಯಾವ ಕಲಂ ಮುರಿದಿದೆ ಅಂತ.

ಜಾಗ ಯಾವುದು, ಯಾರದು: ಇಲ್ಲಿಂದ ಶುರು ಮಾಡಿ

"ನಮ್ಮೂರ ಹಳ್ಳ" ಅಂತ ಬರೆದರೆ ಯಾವ ಅಧಿಕಾರಿಯೂ ಅಲುಗಾಡುವುದಿಲ್ಲ. ಸರ್ವೆ ನಂಬರ್ ಬೇಕು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿ ತೆಗೆಸಿ. ಗ್ರಾಮ ನಕ್ಷೆಯ ನಕಲೂ ಇರಲಿ. ನಕ್ಷೆಯಲ್ಲಿ ಹಳ್ಳ, ಕೆರೆ, ದಾರಿ ಗೆರೆ ಹಾಕಿ ತೋರಿಸಿರುತ್ತಾರೆ, ಈಗ ಅಲ್ಲಿ ಕಟ್ಟಡ ಬಂದಿದ್ದರೆ ಆ ನಕ್ಷೆಯೇ ಅರ್ಧ ಕೇಸು.

ಪಹಣಿಯಲ್ಲಿ ಖರಾಬು ಕಾಲಂ ನೋಡಿ. ಎ ಖರಾಬು ಅಂದರೆ ಸಾಗುವಳಿಗೆ ಬಾರದ ಕಲ್ಲು, ಬಂಡೆ, ಕಣ ಇಂಥದ್ದು. ಬಿ ಖರಾಬು ಅಂದರೆ ಸಾರ್ವಜನಿಕ ಉಪಯೋಗದ್ದು: ಹಳ್ಳ, ದಾರಿ, ಕೆರೆ, ಸ್ಮಶಾನ. ಬಿ ಖರಾಬನ್ನು ಯಾರೂ ತಮ್ಮದು ಅನ್ನುವ ಹಾಗಿಲ್ಲ, ಸುತ್ತ ನಾಲ್ಕೂ ಕಡೆ ಅವರದೇ ತೋಟ ಇದ್ದರೂ. ನಮ್ಮ ಕಡೆಯ ಬಹಳಷ್ಟು ಹಳ್ಳಗಳು ಎಸ್ಟೇಟಿನ ಮಧ್ಯೆಯೇ ಹರಿಯುವುದರಿಂದ ಈ ಒಂದು ಅಕ್ಷರದ ಮೇಲೆ ಎಷ್ಟೋ ಕೇಸು ನಿಂತಿವೆ.

ಜಾಗ ಕಾಡು ಅನ್ನಿಸಿದರೆ ಇನ್ನೊಂದು ಹೆಜ್ಜೆ ಇದೆ. ಪಹಣಿಯಲ್ಲಿ "ಅರಣ್ಯ" ಅಂತ ಇಲ್ಲ, ಆದ್ದರಿಂದ ಅದು ಕಾಡಲ್ಲ ಅಂತ ಎದುರಿನವರು ಹೇಳುತ್ತಾರೆ. ನಂಬಬೇಡಿ. ನೀಲಗಿರಿಯ ಗೂಡಲೂರಿನ ಕಾಡು ಕಡಿಯುವುದನ್ನು ಕಂಡು ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ ಹಾಕಿದ ಕೇಸಿನಲ್ಲಿ, 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ನಿಘಂಟಿನ ಅರ್ಥದಲ್ಲಿ ಕಾಡು ಆಗಿದ್ದರೆ ಅದು ಕಾಡೇ, ಒಡೆತನ ಯಾರದಾದರೂ ಇರಲಿ ಅಂತ. ಕುದುರೆಮುಖದ ಅರ್ಜಿಯೂ ಇದೇ ಪ್ರಕರಣದೊಳಗೆ ಸೇರಿಕೊಂಡು ನಡೆದದ್ದು. ನಮ್ಮಲ್ಲಿ ಡೀಮ್ಡ್ ಅರಣ್ಯ ಅಂತ ಕರೆಯುವುದು ಇದನ್ನೇ. ಕರ್ನಾಟಕ ಸರ್ಕಾರ ಮೊದಲು 9.94 ಲಕ್ಷ ಹೆಕ್ಟೇರ್ ಪಟ್ಟಿ ಮಾಡಿ, 2022ರಲ್ಲಿ ಅದನ್ನು ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿತು. ಅರಣ್ಯ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದಾಗ ಈ ವ್ಯಾಖ್ಯೆ ಕಿರಿದಾಗುತ್ತದೆ ಅನ್ನುವ ಆತಂಕ ಎದ್ದಿತು. 2024ರ ಫೆಬ್ರವರಿ 19ರ ಮಧ್ಯಂತರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಹಳೆಯ ವ್ಯಾಖ್ಯೆಯನ್ನೇ ಪಾಲಿಸಿ ಅಂತ ಹೇಳಿತು. ನಿಮ್ಮ ಸರ್ವೆ ನಂಬರ್ ಈ ಪಟ್ಟಿಯಲ್ಲಿ ಇದೆಯೇ, ಮೊದಲು ಇದ್ದು ಆಮೇಲೆ ಬಿಟ್ಟುಹೋಗಿದೆಯೇ ಅಂತ ಡಿಎಫ್‌ಒ (ವಿಭಾಗೀಯ ಅರಣ್ಯಾಧಿಕಾರಿ) ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ಕಣ್ಣಿಗೆ ಕಂಡದ್ದನ್ನು ಸಾಕ್ಷಿ ಮಾಡುವುದು

ಒಂದು ನೋಟ್‌ಬುಕ್ ಇಡಿ. ದಿನಾಂಕ, ಸಮಯ, ಎಲ್ಲಿ, ಏನು ಕಂಡಿತು, ಜೊತೆಗೆ ಯಾರಿದ್ದರು. "ಬೆಳಿಗ್ಗೆ ಆರೂವರೆ, ಮೋರಿ ಕೆಳಗೆ, ನೀರು ಕಾಫಿ ಕಷಾಯದ ಬಣ್ಣ, ನೊರೆ ಇದೆ, ಮೇಲಿನ ಸೇತುವೆ ಹತ್ತಿರ ನೀರು ತಿಳಿಯಾಗಿದೆ." ಹೀಗೆ ಬರೆದರೆ ಸಾಕು, ಕಥೆ ಬೇಡ. ಮೇಲಿನ ಕಡೆ ತಿಳಿ, ಕೆಳಗಿನ ಕಡೆ ಕದಡು ಅಂತ ಎರಡೂ ದಾಖಲಾದರೆ ಮಧ್ಯೆ ಎಲ್ಲಿಂದ ಬಿಟ್ಟಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಒಂದು ದಿನದ್ದಲ್ಲ, ಸೀಸನ್ನಿನ ಉದ್ದಕ್ಕೂ ಬರೆಯಿರಿ.

ಫೋಟೋ, ವಿಡಿಯೋ ತೆಗೆಯುವಾಗ ಜಿಪಿಎಸ್ ಮತ್ತು ಸಮಯ ಬೀಳುವ ಕ್ಯಾಮೆರಾ ಆ್ಯಪ್ ಬಳಸಿ. ಸಾರ್ವಜನಿಕ ರಸ್ತೆ, ಸೇತುವೆ, ನಿಮ್ಮ ಸ್ವಂತ ಜಮೀನು, ಇಲ್ಲಿ ನಿಂತೇ ತೆಗೆಯಿರಿ. ಬೇಲಿ ಹಾರಿ ತೋಟದೊಳಗೆ ಹೋದರೆ ಅತಿಕ್ರಮ ಪ್ರವೇಶದ ದೂರು ನಿಮ್ಮ ಮೇಲೇ ಬೀಳುತ್ತದೆ, ಅಲ್ಲಿಂದ ಮುಂದೆ ಹಳ್ಳದ ಮಾತು ಮರೆತು ನಿಮ್ಮ ಜಾಮೀನಿನ ಮಾತೇ ಆಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಮೇಲೆ ಫೋಟೋ ಫೈಲಿನೊಳಗೆ ದಾಖಲಾದ ಸಮಯ, ಜಾಗದ ಮಾಹಿತಿ ಉಳಿಯುವುದಿಲ್ಲ. ಹಾಗಾಗಿ ಮೂಲ ಫೈಲನ್ನು ತೆಗೆದ ಫೋನಿನಲ್ಲೇ ಉಳಿಸಿ, ಒಂದು ನಕಲು ಪೆನ್‌ಡ್ರೈವಿನಲ್ಲೂ ಇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಡಿಜಿಟಲ್ ಸಾಕ್ಷಿಯ ಜೊತೆ ಒಂದು ಪ್ರಮಾಣಪತ್ರ ಹಚ್ಚಬೇಕಾಗುತ್ತದೆ. ಅದನ್ನು ವಕೀಲರು ಮಾಡಿಸುತ್ತಾರೆ, ಆದರೆ ಯಾವ ಫೋನು, ಯಾರು ತೆಗೆದದ್ದು ಅನ್ನುವುದು ನಿಮಗೆ ನೆನಪಿರಬೇಕು.

ನೀರಿನ ಸ್ಯಾಂಪಲ್ ವಿಷಯಕ್ಕೆ ಬರೋಣ, ಇದರಲ್ಲಿ ಬಹಳ ಜನ ಎಡವುತ್ತಾರೆ. ಬಿಸ್ಲೇರಿ ಬಾಟಲಿಯಲ್ಲಿ ನೀರು ತುಂಬಿ ಖಾಸಗಿ ಲ್ಯಾಬಿಗೆ ಕೊಟ್ಟು ಬಂದ ವರದಿ ನಿಮ್ಮ ದೂರಿಗೆ ಬಲ ಕೊಡಬಹುದು. ಆದರೆ ಜಲ ಕಾಯ್ದೆ 1974ರ 21ನೇ ಕಲಂ ಸ್ಯಾಂಪಲ್ ಹೇಗೆ ತೆಗೆಯಬೇಕು ಅಂತ ಒಂದು ಕ್ರಮ ಹೇಳುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ನೋಟಿಸ್ ಕೊಟ್ಟು, ಜಾಗದವರ ಎದುರು ತೆಗೆದು, ಭಾಗ ಮಾಡಿ, ಸೀಲ್ ಹಾಕಬೇಕು. ಆ ಕ್ರಮ ತಪ್ಪಿದರೆ ವರದಿಯನ್ನು ಸಾಕ್ಷಿಯಾಗಿ ಒಪ್ಪುವುದು ಕಷ್ಟ. ಆದ್ದರಿಂದ ನಿಮ್ಮ ದೂರಿನಲ್ಲಿ ಸ್ಪಷ್ಟವಾಗಿ ಹೀಗೆ ಕೇಳಿ: "21ನೇ ಕಲಂ ಪ್ರಕಾರ ಸ್ಯಾಂಪಲ್ ಸಂಗ್ರಹಿಸಿ, ವಿಶ್ಲೇಷಣಾ ವರದಿಯ ಪ್ರತಿ ನನಗೆ ಕೊಡಿ." ಪಲ್ಪಿಂಗ್ ನಡೆಯುವಾಗಲೇ ಅವರನ್ನು ಕರೆಸಬೇಕು. ಏಪ್ರಿಲ್ ತಿಂಗಳಲ್ಲಿ ಬಂದರೆ ಹಳ್ಳದಲ್ಲಿ ನೀರೂ ಇರುವುದಿಲ್ಲ, ಕೇಸೂ ಇರುವುದಿಲ್ಲ.

ಮನವಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ

ಹೈಕೋರ್ಟ್ ಕೇಳುವ ಮೊದಲ ಪ್ರಶ್ನೆಯೇ ಇದು: ಅಧಿಕಾರಿಗಳಿಗೆ ಮೊದಲು ಮನವಿ ಕೊಟ್ಟಿದ್ದೀರಾ? ಇಲ್ಲ ಅಂದರೆ ಹೋಗಿ ಕೊಟ್ಟು ಬನ್ನಿ ಅಂತಲೇ ಕಳಿಸುತ್ತಾರೆ.

ಯಾರಿಗೆ ಕೊಡಬೇಕು ಅನ್ನುವುದು ವಿಷಯದ ಮೇಲೆ ಹೋಗುತ್ತದೆ. ನೀರು, ಹೊಗೆ, ಕ್ರಷರ್ ಧೂಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಕೆರೆ, ಗೋಮಾಳ, ಬಿ ಖರಾಬು ಒತ್ತುವರಿಗೆ ತಹಶೀಲ್ದಾರ್. ಮರ ಕಡಿದದ್ದಕ್ಕೆ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ), ಡಿಎಫ್‌ಒ. ಹೇಮಾವತಿ ದಂಡೆಯಲ್ಲಿ ಮರಳು ತೆಗೆಯುವುದಕ್ಕೆ, ಕಲ್ಲು ಕ್ವಾರಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಯಾರಿಗೆ ಕೊಟ್ಟರೂ ಜಿಲ್ಲಾಧಿಕಾರಿಗೊಂದು ಪ್ರತಿ, ಗ್ರಾಮ ಪಂಚಾಯಿತಿಯ ಪಿಡಿಒಗೊಂದು ಪ್ರತಿ ಹೋಗಲಿ. ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರಬೇಕು, ಅದು ಕಾಗದದ ಮೇಲೆ ಮಾತ್ರ ಇದ್ದರೂ ಅದಕ್ಕೂ ಒಂದು ಪ್ರತಿ ಕೊಡಿ. ಸಾಧ್ಯವಾದರೆ ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಡಾವಳಿಯಲ್ಲಿ ಬರೆಸಿ. ಆ ನಡಾವಳಿಯ ನಕಲಿಗೆ ಮುಂದೆ ಬಹಳ ಬೆಲೆ ಬರುತ್ತದೆ.

ಮನವಿ ಒಂದೇ ಪುಟದಲ್ಲಿ ಮುಗಿಯಲಿ. ಮಾದರಿ ಹೀಗಿರಬಹುದು:

"ಮಾನ್ಯರೇ, ___ ತಾಲ್ಲೂಕು, ___ ಹೋಬಳಿ, ___ ಗ್ರಾಮದ ಸರ್ವೆ ನಂ. ___ ರಲ್ಲಿರುವ ಪಲ್ಪಿಂಗ್ ಘಟಕದಿಂದ ದಿನಾಂಕ ___ ರಿಂದ ತ್ಯಾಜ್ಯ ನೀರನ್ನು ಸಂಸ್ಕರಿಸದೆ ಸರ್ವೆ ನಂ. ___ ರ ಹಳ್ಳಕ್ಕೆ ಬಿಡಲಾಗುತ್ತಿದೆ. ಈ ನೀರನ್ನು ಕೆಳಭಾಗದ ಜನ ಮತ್ತು ಜಾನುವಾರುಗಳು ಬಳಸುತ್ತಿವೆ. ಫೋಟೋಗಳನ್ನು ಲಗತ್ತಿಸಿದೆ. ಸ್ಥಳ ತನಿಖೆ ಮಾಡಿ, ಮಹಜರು ಬರೆದು, ಸ್ಯಾಂಪಲ್ ತೆಗೆದು, ಕೈಗೊಂಡ ಕ್ರಮದ ಬಗ್ಗೆ ನನಗೆ ಹಿಂಬರಹ ನೀಡಬೇಕೆಂದು ಕೋರುತ್ತೇನೆ."

ಬೈಗುಳ, "ಭ್ರಷ್ಟರು" ಅನ್ನುವಂಥ ಮಾತು, ಮೂರು ತಲೆಮಾರಿನ ಜಗಳ, ಇವ್ಯಾವುದೂ ಬೇಡ. ಟಪಾಲಿನಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೇ ಬನ್ನಿ. "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನೂ ತಲುಪಿದ ವಿವರದ ಪ್ರಿಂಟನ್ನೂ ಫೈಲಿಗೆ ಹಾಕಿ. ಹಿಂಬರಹ ಅನ್ನುವ ಪದವನ್ನು ಬಿಡಬೇಡಿ. ಅದು ಬಂದರೆ ಅವರ ನಿಲುವು ಬರಹದಲ್ಲಿ ಸಿಕ್ಕಿತು. ಬರದಿದ್ದರೆ ಅವರು ಸುಮ್ಮನಿದ್ದರು ಅನ್ನುವುದಕ್ಕೆ ನಿಮ್ಮ ಸ್ವೀಕೃತಿಯೇ ಸಾಕ್ಷಿ.

ಇದರ ಜೊತೆಗೇ ಮಾಹಿತಿ ಹಕ್ಕಿನ ಅರ್ಜಿಯೂ ಹೋಗಲಿ. ಹತ್ತು ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್‌ನವರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಕ್ರಮ ಕೈಗೊಂಡಿಲ್ಲ?" ಅಂತ ಕೇಳಿದರೆ ಇದು ಮಾಹಿತಿಯಲ್ಲ ಅಂತ ವಾಪಸ್ ಬರುತ್ತದೆ. ದಾಖಲೆ ಕೇಳಿ. ಆ ಘಟಕಕ್ಕೆ ಮಂಡಳಿ ಕೊಟ್ಟ ಸಮ್ಮತಿ ಪತ್ರದ ನಕಲು, ಅದರ ಷರತ್ತುಗಳು, ಕೊನೆಯ ಮೂರು ಸ್ಥಳ ತನಿಖಾ ವರದಿಗಳು, ನನ್ನ ಮನವಿಯ ಮೇಲಿನ ಕಡತದ ಟಿಪ್ಪಣಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಎಷ್ಟೋ ಸಲ ಸಮ್ಮತಿ ಪತ್ರವೇ ಇಲ್ಲ ಅಥವಾ ಅವಧಿ ಮುಗಿದು ವರ್ಷಗಳಾಗಿವೆ ಅನ್ನುವುದು ಈ ಉತ್ತರದಲ್ಲೇ ಹೊರಬರುತ್ತದೆ. ಆಗ ನಿಮ್ಮ ಕೆಲಸ ಅರ್ಧ ಹಗುರ.

ಯಾವ ಬಾಗಿಲು ತಟ್ಟಬೇಕು

ಹತ್ತಿರದ್ದು ಎಸಿ, ಅಂದರೆ ಉಪವಿಭಾಗಾಧಿಕಾರಿ ಕಚೇರಿ. ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಹಾಸನ, ಸಕಲೇಶಪುರ, ಚಿಕ್ಕಮಗಳೂರು, ತರೀಕೆರೆ, ಈ ನಾಲ್ಕು ಉಪವಿಭಾಗಗಳ ಎಸಿಗಳು ಉಪವಿಭಾಗೀಯ ದಂಡಾಧಿಕಾರಿಗಳೂ ಹೌದು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಂ ಅಂತ ಇದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಸಾರ್ವಜನಿಕರಿಗೆ ತೊಂದರೆಯಾಗುವ ಮೋರಿ, ಕಸದ ರಾಶಿ, ಕೊಳಕು ನೀರು, ಇವನ್ನು ತೆಗೆಸಲು ಅವರು ಆದೇಶ ಮಾಡಬಹುದು. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ವಾರ್ಡಿನ ಜನ ಇದೇ ಕಲಂ ಹಿಡಿದು, ತೆರೆದ ಚರಂಡಿ ಮತ್ತು ಮದ್ಯದ ಕಾರ್ಖಾನೆಯ ಗಲೀಜು ನೀರಿನ ಬಗ್ಗೆ ದಂಡಾಧಿಕಾರಿ ಹತ್ತಿರ ಹೋದರು. ದುಡ್ಡಿಲ್ಲ ಅಂತ ಪುರಸಭೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಜನರ ಆರೋಗ್ಯದ ವಿಷಯದಲ್ಲಿ ಹಣವಿಲ್ಲ ಅನ್ನುವ ಸಬೂಬು ನಡೆಯುವುದಿಲ್ಲ ಅಂದರು. ನಮ್ಮ ಪುರಸಭೆಗಳು, ಪಂಚಾಯಿತಿಗಳು ಕಸವನ್ನು ಊರಾಚೆಯ ಕೆರೆ ಅಂಚಿಗೆ ಸುರಿದಾಗ ಈ ತೀರ್ಪನ್ನು ಅರ್ಜಿಗೆ ಹಚ್ಚಿ.

ಎರಡನೆಯದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಎಲ್ಲರೂ ಎನ್‌ಜಿಟಿ ಅನ್ನುವುದು. 2010ರ ಕಾಯ್ದೆಯಿಂದ ಬಂದದ್ದು. ಕರ್ನಾಟಕಕ್ಕೆ ಚೆನ್ನೈನಲ್ಲಿರುವ ದಕ್ಷಿಣ ವಲಯ ಪೀಠ. ಅಲ್ಲಿ ನ್ಯಾಯಾಂಗ ಸದಸ್ಯರ ಜೊತೆ ಪರಿಸರ ತಜ್ಞ ಸದಸ್ಯರೂ ಕೂರುತ್ತಾರೆ, ಹಾಗಾಗಿ ಬಿಒಡಿ (ನೀರಿನ ಕೊಳೆ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಅನ್ನುವ ಅಳತೆ) ಅಂದರೆ ಏನು ಅಂತ ಮೊದಲಿಂದ ವಿವರಿಸಬೇಕಾಗಿಲ್ಲ. ಪರಿಹಾರ ಹಣ ಕೇಳದ ಅರ್ಜಿಗೆ 1000 ರೂಪಾಯಿ ಶುಲ್ಕ. ಪರಿಹಾರ ಕೇಳಿದರೆ ಆ ಮೊತ್ತದ ಶೇಕಡಾ 1. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ವಿಡಿಯೋ ಮೂಲಕ ಹಾಜರಾಗುವ ಅನುಕೂಲವೂ ಇದೆ, ವಕೀಲರಿಲ್ಲದೆ ನೀವೇ ವಾದಿಸಲೂಬಹುದು. ಕನ್ನಡದ ದಾಖಲೆಗಳಿಗೆಲ್ಲ ಇಂಗ್ಲಿಷ್ ಅನುವಾದ ಜೊತೆಗಿಡಿ.

ಇಲ್ಲಿ ಗಡುವು ಬಹಳ ಮುಖ್ಯ. ಮಾಲಿನ್ಯ ನಿಲ್ಲಿಸಿ ಅನ್ನುವ ಅರ್ಜಿಯನ್ನು ವ್ಯಾಜ್ಯಕ್ಕೆ ಕಾರಣ ಮೊದಲ ಸಲ ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಹಾಕಬೇಕು. ಸಕಾರಣ ಇದ್ದರೆ ಇನ್ನು 60 ದಿನ ಕೊಡುತ್ತಾರೆ, ಅದರ ಮೇಲೆ ಒಂದು ದಿನವೂ ಇಲ್ಲ. ಪರಿಹಾರ ಮತ್ತು ಹಾಳಾದದ್ದನ್ನು ಮೊದಲಿನಂತೆ ಮಾಡಿಸಿ ಅನ್ನುವ ಅರ್ಜಿಗೆ ಐದು ವರ್ಷ. ಯಾರಿಗಾದರೂ ಕೊಟ್ಟ ಪರಿಸರ ಅನುಮತಿಯನ್ನೇ ಪ್ರಶ್ನಿಸುವುದಾದರೆ ಬರೀ 30 ದಿನ, ಹೆಚ್ಚೆಂದರೆ ಇನ್ನೊಂದು 60. "ನೋಡೋಣ, ಈ ಹಬ್ಬ ಕಳೀಲಿ" ಅಂತ ಕೂತವರು ಕಳೆದುಕೊಂಡದ್ದು ಇಲ್ಲೇ ಜಾಸ್ತಿ. ಮನವಿ ಕೊಟ್ಟು ಉತ್ತರಕ್ಕೆ ಕಾಯುತ್ತಿರುವಾಗಲೂ ಈ ದಿನಗಳು ಓಡುತ್ತಲೇ ಇರುತ್ತವೆ, ನೆನಪಿರಲಿ.

ಇನ್ನೊಂದು ಮಿತಿ. ಎನ್‌ಜಿಟಿ ನೋಡುವುದು ಜಲ, ವಾಯು, ಪರಿಸರ ಸಂರಕ್ಷಣೆ, ಅರಣ್ಯ ಸಂರಕ್ಷಣೆ, ಜೀವವೈವಿಧ್ಯ ಮುಂತಾದ ಏಳು ಕಾಯ್ದೆಗಳ ವಿಷಯ ಮಾತ್ರ. 1972ರ ವನ್ಯಜೀವಿ ಕಾಯ್ದೆ ಆ ಪಟ್ಟಿಯಲ್ಲಿಲ್ಲ. ಬರೀ ಆನೆ ಹಾವಳಿ, ಕಾಡುಪ್ರಾಣಿ ವಿಷಯ ಅಂದರೆ ಹೈಕೋರ್ಟ್. ಸರ್ಕಾರಿ ಜಾಗದ ಒತ್ತುವರಿಯೂ ಹೈಕೋರ್ಟ್. ನಮ್ಮ ಎರಡೂ ಜಿಲ್ಲೆಗಳು ಬೆಂಗಳೂರಿನ ಪ್ರಧಾನ ಪೀಠಕ್ಕೇ ಸೇರುತ್ತವೆ. ಸಂವಿಧಾನದ 226ನೇ ವಿಧಿಯಡಿ ರಿಟ್, ಅಥವಾ ಸಾರ್ವಜನಿಕ ಹಿತಾಸಕ್ತಿ ಅರ್ಜಿ (ಪಿಐಎಲ್). ಪಿಐಎಲ್ ಹಾಕುವಾಗ ನಿಮ್ಮ ಸ್ವಂತ ಲಾಭ ಇದರಲ್ಲಿಲ್ಲ ಅಂತ ಪ್ರಮಾಣ ಮಾಡಬೇಕು. ಪಕ್ಕದ ತೋಟದವರ ಜೊತೆ ಬೇಲಿ ವ್ಯಾಜ್ಯ ಇಟ್ಟುಕೊಂಡು ಪಿಐಎಲ್ ಹಾಕಿದರೆ ಅದು ಹೊರಬರುತ್ತದೆ, ದಂಡವೂ ಬೀಳಬಹುದು.

ಆನೆ ವಿಷಯ ಎತ್ತಿದ್ದರಿಂದ ಹೇಳುತ್ತೇನೆ. ಆಲೂರು, ಸಕಲೇಶಪುರದ ರೈತರು ಮತ್ತು ಆನೆಗಳ ಸಂಘರ್ಷದ ಮೇಲೆ ಕರ್ನಾಟಕ ಹೈಕೋರ್ಟ್ ಆದೇಶದಂತೆಯೇ ಆನೆ ಕಾರ್ಯಪಡೆ ರಚನೆಯಾಯಿತು. ಆನೆ ತಜ್ಞ ರಾಮನ್ ಸುಕುಮಾರ್ ಅದರ ಮುಖ್ಯಸ್ಥರಾಗಿದ್ದರು. 2012ರಲ್ಲಿ ವರದಿ ಬಂತು. ಆನೆ ಉಳಿಯಬೇಕಾದ ವಲಯ, ಮನುಷ್ಯರೂ ಆನೆಯೂ ಹೊಂದಿಕೊಂಡಿರಬೇಕಾದ ವಲಯ, ಆನೆ ತೆಗೆಯಬೇಕಾದ ವಲಯ ಅಂತ ಮೂರು ಭಾಗ ಮಾಡಿತು. ಆಲೂರು ಕಡೆಯ ಆನೆಗಳನ್ನು ಹಿಡಿಯಬೇಕು ಅನ್ನುವ ಶಿಫಾರಸು ಬಂದದ್ದು ಅದರಲ್ಲೇ. ನನಗೆ ಇದರಲ್ಲಿ ಮೆಚ್ಚುಗೆಯಾದದ್ದು, ನ್ಯಾಯಮೂರ್ತಿಗಳು ತಾವೇ ತೀರ್ಮಾನ ಹೇಳದೆ ಮೊದಲು ಗೊತ್ತಿದ್ದವರನ್ನು ಕೂರಿಸಿ ಕೇಳಿದ್ದು. ನೀವೂ ಅರ್ಜಿಯಲ್ಲಿ ತಜ್ಞರ ಸಮಿತಿಯಿಂದ ಸ್ಥಳ ಪರಿಶೀಲನೆ ಮಾಡಿಸಿ ಅಂತ ಕೇಳಬಹುದು. ಎನ್‌ಜಿಟಿ ಅಂತೂ ಬಹುತೇಕ ಕೇಸುಗಳಲ್ಲಿ ಜಿಲ್ಲಾಧಿಕಾರಿ, ಮಾಲಿನ್ಯ ಮಂಡಳಿ ಮುಂತಾದವರ ಜಂಟಿ ಸಮಿತಿ ಮಾಡುತ್ತದೆ.

ಒತ್ತುವರಿ ಕೇಸಿಗೆ ಎರಡು ತೀರ್ಪು ಗುರುತು ಮಾಡಿಕೊಳ್ಳಿ. 2001ರ ಹಿಂಚ್ ಲಾಲ್ ತಿವಾರಿ ಪ್ರಕರಣ: ಕೆರೆ ಕುಂಟೆ ಊರಿನ ಸೊತ್ತು, ಬತ್ತಿಹೋಗಿದೆ ಅಂತ ಹಂಚುವ ಹಾಗಿಲ್ಲ. 2011ರ ಜಗಪಾಲ್ ಸಿಂಗ್ ಪ್ರಕರಣ: ಊರೊಟ್ಟಿನ ಜಮೀನು ಒತ್ತುವರಿ ಮಾಡಿದವರನ್ನು ತೆರವು ಮಾಡಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು, ಬಹಳ ವರ್ಷದಿಂದ ಇದ್ದಾರೆ, ಮನೆ ಕಟ್ಟಲು ಜಾಸ್ತಿ ಖರ್ಚು ಮಾಡಿದ್ದಾರೆ ಅನ್ನುವುದು ನೆಪವಾಗಬಾರದು. ಮರಳು, ಕಲ್ಲಿನ ವಿಷಯಕ್ಕೆ 2012ರ ದೀಪಕ್ ಕುಮಾರ್ ತೀರ್ಪು. ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಅಂದದ್ದು ಅದು. ದೊಡ್ಡದನ್ನು ತುಂಡು ತುಂಡು ಮಾಡಿ ತಪ್ಪಿಸಿಕೊಳ್ಳುವುದಕ್ಕೆ ತಡೆ ಬಿದ್ದದ್ದು ಅಲ್ಲಿಂದ.

ಖರ್ಚು, ಭಯ, ಊರಿನ ಸಂಬಂಧ

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಕೈಬಿಡಬೇಡಿ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಆದಾಯ ಕಡಿಮೆ ಇರುವವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿ ಕೇಳಬಹುದು. ಹೈಕೋರ್ಟಿನಲ್ಲಿ ಇದಕ್ಕೇ ಬೇರೆ ಸಮಿತಿ ಇದೆ.

ನಮ್ಮ ಕಡೆ ಇದಕ್ಕಿಂತ ಕಷ್ಟದ್ದು ಬೇರೆ ಇದೆ. ನೀರು ಬಿಡುವ ಎಸ್ಟೇಟಿನಲ್ಲೇ ಊರಿನ ಅರ್ಧ ಮಂದಿ ಕೆಲಸಕ್ಕೆ ಹೋಗುತ್ತಾರೆ, ಲೈನ್ ಮನೆಯಲ್ಲಿ ಅವರದೇ ವಾಸ. ಕೂಲಿಯವರ ಹೆಸರನ್ನು ಅರ್ಜಿಯಲ್ಲಿ ಮುಂದೆ ಇಡುವುದು ತಪ್ಪು, ಹಾಗೆ ಯಾರೂ ಮಾಡಬಾರದು. ಸ್ವಂತ ಜಮೀನು ಇರುವ ಇಬ್ಬರು ಮೂವರು ಅರ್ಜಿದಾರರಾಗಲಿ, ಉಳಿದವರು ಒಪ್ಪಿದರೆ ಮಾತ್ರ ಸಾಕ್ಷಿ. ಕೇಸಿನ ಮೊದಲು ತೋಟದವರನ್ನೊಮ್ಮೆ ನೇರ ಭೇಟಿಯಾಗಿ ಮಾತಾಡಿ. ಚಿಕ್ಕ ಬೆಳೆಗಾರರು ಎಷ್ಟೋ ಜನ ಗುಂಡಿ ತೆಗೆಸಿ ಸರಿಮಾಡಿಕೊಳ್ಳುತ್ತಾರೆ, ಅಲ್ಲಿಗೇ ಮುಗಿದರೆ ಎಲ್ಲರಿಗೂ ಒಳ್ಳೆಯದಲ್ವಾ? ಮಾತಾಡಿದ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೆದರಿಕೆ ಬಂದರೆ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಅದನ್ನೂ ಕೋರ್ಟಿನ ಫೈಲಿಗೆ ಸೇರಿಸಿ.

ಆದೇಶ ಬಂದ ಮೇಲೆ

ಪತ್ರಿಕೆಯಲ್ಲಿ ಸುದ್ದಿ ಬಂತು, ಹಾರ ಹಾಕಿದರು, ಹಳ್ಳ ಹಾಗೇ ಇದೆ. ಇದನ್ನು ಬೇಕಾದಷ್ಟು ನೋಡಿದ್ದೇವೆ. ಆದೇಶದ ದೃಢೀಕೃತ ಪ್ರತಿ ತೆಗೆದುಕೊಂಡು, ಒಂದು ಪತ್ರದ ಜೊತೆ ಜಿಲ್ಲಾಧಿಕಾರಿ, ಮಂಡಳಿ, ತಹಶೀಲ್ದಾರ್, ಪಿಡಿಒ ಎಲ್ಲರಿಗೂ ಮತ್ತೆ ಸ್ವೀಕೃತಿ ಸಮೇತ ಕೊಡಿ. ಆದೇಶದಲ್ಲಿರುವ ಗಡುವನ್ನು ಆ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಗಡುವು ಮುಗಿದ ದಿನ ಅದೇ ಜಾಗಕ್ಕೆ ಹೋಗಿ ಅದೇ ಕೋನದಿಂದ ಫೋಟೋ ತೆಗೆಯಿರಿ.

ಕೆಲಸ ಆಗದಿದ್ದರೆ ಎನ್‌ಜಿಟಿ ಆದೇಶವನ್ನು ಸಿವಿಲ್ ಕೋರ್ಟಿನ ಡಿಕ್ರಿಯಂತೆ ಜಾರಿ ಮಾಡಿಸಲು ಅಲ್ಲೇ ಅರ್ಜಿ ಹಾಕಬಹುದು. ಎನ್‌ಜಿಟಿ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿಗೆ ಹೋಗಲು 90 ದಿನ ಇದೆ, ಇದು ನಿಮಗೂ ಅನ್ವಯ, ಎದುರಿನವರಿಗೂ ಅನ್ವಯ. ಹೈಕೋರ್ಟ್ ಆದೇಶ ಪಾಲಿಸದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ, ಅದಕ್ಕೆ ಒಂದು ವರ್ಷದ ಗಡುವು. ಆ ವರ್ಷ ಲೆಕ್ಕಕ್ಕೆ ಬರುವುದು ಪಾಲನೆ ತಪ್ಪಿದ ದಿನದಿಂದ, ಆದ್ದರಿಂದ ಆ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಒಂದು ಸಲ ವಕೀಲರ ಫೈಲಿನಲ್ಲೂ ಬರೆಸಿಡಿ.